ಹ್ಯೂಯಿ ಲಾಂಗನ ಜಮಾ-ಖರ್ಚು
(ಪಕ್ಷದ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಚಹದಂಗಡಿಯ ಬೆಂಚಿನ ಮೇಲೆ, ಗಿರಣಿಯ ಗೇಟಿನಲ್ಲಿ, ಸಂತೆಯಲ್ಲಿ ನಾವು ದಿನವೂ ಕೇಳುವ ಮಾತೊಂದಿದೆ: "ತಿಂದರೆ ತಿನ್ನಲಿ ಬಿಡಿ, ಬಡವರಿಗೆ ಏನಾದರೂ ಮಾಡಿದನಲ್ಲ! ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೆ?" ಹೀಗೆ ಹೇಳುವವರು ಲಂಚಗುಳಿಗಳಲ್ಲ, ದಡ್ಡರೂ ಅಲ್ಲ. ಕೈ ನೆಕ್ಕದವರು ಜೇನನ್ನೂ ಕಿತ್ತು ಕೊಡಲಿಲ್ಲವೆಂಬುದು ಅವರ ಅನುಭವ. ಆದುದರಿಂದ ಈ ಮಾತಿಗೆ ಬೈಗುಳದಿಂದ ಉತ್ತರ ಕೊಟ್ಟರೆ ಸಾಲದು, ಲೆಕ್ಕದಿಂದ ಕೊಡಬೇಕು. ನಮ್ಮೂರ ಪುಢಾರಿಗಳ ಹೆಸರೆತ್ತಿದರೆ ಜಾತಿ, ಬಣ, ಹಳೆಯ ಜಗಳವೆಲ್ಲ ಎದ್ದು ತಕ್ಕಡಿ ನೆಟ್ಟಗೆ ನಿಲ್ಲುವುದಿಲ್ಲ. ಆದ್ದರಿಂದ ದೂರದ ಒಬ್ಬನನ್ನು ತೂಗಿ ನೋಡೋಣ. ಆತ ಅಮೆರಿಕದ ದಕ್ಷಿಣದ ಲೂಯಿಸಿಯಾನಾ ರಾಜ್ಯದ ಹ್ಯೂಯಿ ಲಾಂಗ್.

ಆತ ಹುಟ್ಟಿದ್ದು 1893ರಲ್ಲಿ, ವಿನ್‌ಫೀಲ್ಡ್ ಎಂಬ ಊರಿನಲ್ಲಿ. ಅದು ಸಣ್ಣ ರೈತರ ಬಡ ಸೀಮೆ. 1912ರ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ಯೂಜೀನ್ ಡೆಬ್ಸ್‌ಗೆ ಒಳ್ಳೆಯ ಮತ ಕೊಟ್ಟ ಸೀಮೆ. ಹ್ಯೂಯಿ ಮನೆಮನೆ ತಿರುಗಿ ಅಡಿಗೆಯ ಕೊಬ್ಬು ಮಾರಿದ, ಬೇಗ ಬೇಗ ಓದಿ 1915ರಲ್ಲಿ ವಕೀಲನಾದ. 1918ರಲ್ಲಿ ರೈಲ್ವೆ ದರ ನೋಡಿಕೊಳ್ಳುವ ಆಯೋಗಕ್ಕೆ ಆರಿಸಿ ಬಂದು, ದರ ಏರಿಸಿದ ಟೆಲಿಫೋನ್ ಕಂಪನಿಯ ಮೇಲೆ ಹೋರಾಡಿ ಗಿರಾಕಿಗಳಿಗೆ ಹಣ ವಾಪಸು ಕೊಡಿಸಿದ. 1924ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತ, 1928ರಲ್ಲಿ ಗೆದ್ದ. ಅಲ್ಲಿಯ ಗವರ್ನರನನ್ನು ಜನರೇ ಆರಿಸುತ್ತಾರೆ. ನಮ್ಮ ಮುಖ್ಯಮಂತ್ರಿಯಂತೆ ರಾಜ್ಯವಾಳುವವನು ಅವನೇ. "ಪ್ರತಿಯೊಬ್ಬನೂ ರಾಜ" ಎಂಬುದು ಆ ಚುನಾವಣೆಯಲ್ಲಿ ಆತನ ಘೋಷಣೆ.

ಅದಕ್ಕೆ ಮುಂಚೆ ಆ ರಾಜ್ಯವನ್ನು ಆಳುತ್ತಿದ್ದವರು ಯಾರು? ತೋಟದ ಧಣಿಗಳು, ನ್ಯೂ ಆರ್ಲಿಯನ್ಸ್ ಪಟ್ಟಣದ ಚುನಾವಣಾ ಗುತ್ತಿಗೆದಾರರು, ಅವರ ಹಿಂದೆ ಸ್ಟಾಂಡರ್ಡ್ ಆಯಿಲ್ ಕಂಪನಿ. ಇವರು ಒಳ್ಳೆಯ ಬಟ್ಟೆ ತೊಟ್ಟು ಒಳ್ಳೆಯ ಮಾತಾಡುತ್ತಿದ್ದ ದೊಡ್ಡ ಮನುಷ್ಯರು. ಇವರ ಆಳ್ವಿಕೆಯ ಕೊನೆಗೆ ಇಡೀ ರಾಜ್ಯದಲ್ಲಿ ಇದ್ದ ಪಕ್ಕಾ ರಸ್ತೆ ಸುಮಾರು 300 ಮೈಲಿ. ಮಳೆ ಬಂದರೆ ರೈತನ ಗಾಡಿ ಕೆಸರಿನಲ್ಲಿ. ಮಾಲು ಪೇಟೆಗೆ ಬರುವುದಿಲ್ಲ, ಪೇಟೆಯ ಸಾಮಾನು ಹಳ್ಳಿಗೆ ಹೋಗುವುದಿಲ್ಲ. ಓದುಬರಹ ಬಾರದವರ ಸಂಖ್ಯೆಯಲ್ಲಿ ಆ ರಾಜ್ಯ ದೇಶದ ಮುಂಚೂಣಿಯಲ್ಲಿತ್ತು. ಮತ ಹಾಕಬೇಕಾದರೆ ವರ್ಷಕ್ಕೆ 1 ಡಾಲರ್ ತಲೆಗಂದಾಯ ಕಟ್ಟಬೇಕು. ಕೂಲಿಯವನು ಅಕ್ಕಿ ಕೊಳ್ಳುವನೋ, ಮತ ಕೊಳ್ಳುವನೋ? ಹ್ಯೂಯಿ ಲಾಂಗನನ್ನು ಬೈಯುವ ಮುಂಚೆ ಈ ದೊಡ್ಡ ಮನುಷ್ಯರ ಲೆಕ್ಕವನ್ನು ಓದಬೇಕು. ಅವರು ತೋಡಿಟ್ಟ ಹೊಂಡವೇ ಆತನಿಗೆ ಕೋಟೆಯ ಅಡಿಪಾಯವಾಯಿತು.

ಮೊದಲು ಜಮಾ ಬರೆಯೋಣ. ಕೆಲವೇ ವರ್ಷಗಳಲ್ಲಿ 2,000 ಮೈಲಿಗಿಂತ ಹೆಚ್ಚು ಕಾಂಕ್ರೀಟ್ ರಸ್ತೆ, ಸಾವಿರಾರು ಮೈಲಿ ಗರಸಿನ ರಸ್ತೆ, ಹತ್ತಾರು ಸೇತುವೆಗಳಾದವು. ಸುಂಕ ವಸೂಲಿ ಮಾಡುತ್ತಿದ್ದ ಖಾಸಗಿ ಸೇತುವೆಯ ಬದಿಯಲ್ಲಿ ಸುಂಕವಿಲ್ಲದ ಸೇತುವೆಗಳು ಬಂದವು. ಬಡವರ ಆಸ್ಪತ್ರೆಗಳು ಬೆಳೆದವು. 1931ರಲ್ಲಿ ರಾಜ್ಯ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಶಾಲೆಯಾಯಿತು. ಸುಮಾರು 1 ಲಕ್ಷ ದೊಡ್ಡವರು ರಾತ್ರಿ ಶಾಲೆಯಲ್ಲಿ ಕೂತು ಅಕ್ಷರ ಕಲಿತರು. ಅವರಲ್ಲಿ ಕರಿಯ ಜನರೂ ಬಹಳ ಮಂದಿ. 1928ರಲ್ಲಿ ಶಾಲೆಯ ಮಕ್ಕಳಿಗೆಲ್ಲ, ಸರಕಾರಿ ಶಾಲೆಯಿರಲಿ ಪಾದ್ರಿಗಳ ಶಾಲೆಯಿರಲಿ, ಪಠ್ಯಪುಸ್ತಕ ಪುಕ್ಕಟೆಯಾಯಿತು. ಅದಕ್ಕೆ ಹಣ ಬಂದದ್ದು ನೆಲದಿಂದ ತೆಗೆಯುವ ಎಣ್ಣೆ ಮೊದಲಾದ ಸಂಪತ್ತಿನ ಮೇಲಿನ ಕರದಿಂದ. ಇದರ ಮೇಲೆ ವ್ಯಾಜ್ಯವಾಗಿ, 1930ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೇ ಪುಸ್ತಕದ ಕಾಯಿದೆಯನ್ನು ಎತ್ತಿಹಿಡಿಯಿತು. ನಾವು ಹಲವು ವರ್ಷ ಸೀಮೆಸುಣ್ಣ ಹಿಡಿದವರು. ಒಂದು ಪುಸ್ತಕಕ್ಕೆ ಮೂರು ತಲೆ ಬಗ್ಗುವುದನ್ನು ಕಂಡವರು. ಈ ಬಾಬನ್ನು ಚಿಕ್ಕದೆಂದು ನಮ್ಮ ಬಾಯಿಂದ ಯಾರೂ ಹೇಳಿಸಲಾರರು. 1934ರಲ್ಲಿ ತಲೆಗಂದಾಯವೂ ಹೋಯಿತು. ಬಡ ಬಿಳಿಯರು ಸಾಲುಗಟ್ಟಿ ಮತದಾರರ ಪಟ್ಟಿಗೆ ಹೆಸರು ಬರೆಸಿದರು.

ಈಗ ಖರ್ಚಿನ ಪುಟ. ರಾಜ್ಯದ ನೌಕರನು ಸಂಬಳದಲ್ಲಿ ಹ್ಯೂಯಿಯ ಬಣಕ್ಕೆ ಪಾಲು ಕೊಡಬೇಕು. ನೂರಕ್ಕೆ 5ರಿಂದ 10ರವರೆಗೂ ಇತ್ತು. ಗಿರಣಿಯ ಸಂಗಾತಿಗಳಿಗೆ ಪಗಾರದ ಕಡಿತವೆಂದರೇನೆಂದು ವಿವರಿಸಬೇಕಾಗಿಲ್ಲ. ಆ ನಗದು ತುಂಬಿದ ಪೆಟ್ಟಿಗೆಗೆ ಜನರೇ "ಕಡಿತದ ಪೆಟ್ಟಿಗೆ" ಎಂದು ಹೆಸರಿಟ್ಟರು. ಆತ ಸತ್ತಮೇಲೆ ಅದು ಯಾರಿಗೂ ಸಿಕ್ಕಲಿಲ್ಲ. 1934ರಲ್ಲಿ ಆತನ ಬಳಗದವರು ಒಂದು ಎಣ್ಣೆ ಕಂಪನಿ ಮಾಡಿದರು. ಅದರ ಹೆಸರು "ವಿನ್ ಆರ್ ಲೂಸ್", ಎಂದರೆ ಗೆದ್ದರೂ ಸೈ, ಸೋತರೂ ಸೈ. ಸೋಲುವ ಭಯವೇನೂ ಇರಲಿಲ್ಲ: ಹ್ಯೂಯಿ ಕೂಡಿಸಿದ ಗವರ್ನರನೇ ರಾಜ್ಯದ ಎಣ್ಣೆ ಭೂಮಿಯನ್ನು ಗುತ್ತಿಗೆ ಕೊಡುವನು, ಇವರು ಅದನ್ನು ದೊಡ್ಡ ಕಂಪನಿಗಳಿಗೆ ಮರುಗುತ್ತಿಗೆ ಕೊಟ್ಟು ಲಾಭ ಎಣಿಸುವರು. ಲಾಭದಲ್ಲಿ ಹ್ಯೂಯಿಗೂ ಪಾಲಿತ್ತು. ಆ ನೆಲ ಯಾರದು? ಪುಸ್ತಕ ಪಡೆದ ಮಕ್ಕಳದೇ.

1929ರಲ್ಲಿ ಶುದ್ಧಿ ಮಾಡಿದ ಎಣ್ಣೆಯ ಪೀಪಾಯಿಗೆ 5 ಸೆಂಟ್ ಕರ ಹಾಕಲು ಹೋದಾಗ ಶಾಸನಸಭೆ ಆತನ ಮೇಲೆ ದೋಷಾರೋಪಣೆ ಮಾಡಿತು. ಲಂಚ, ಹಣದ ದುರುಪಯೋಗ ಎಲ್ಲವೂ ಪಟ್ಟಿಯಲ್ಲಿದ್ದವು. ಆಗ ಮೇಲ್ಮನೆಯ 15 ಜನ ಸದಸ್ಯರು "ಸಾಕ್ಷ್ಯ ಏನೇ ಬರಲಿ, ನಾವು ಶಿಕ್ಷೆಗೆ ಮತ ಕೊಡೆವು" ಎಂಬ ಅರ್ಥದ ಕಾಗದಕ್ಕೆ ರುಜು ಹಾಕಿದರು. ಮೂರರಲ್ಲಿ ಎರಡು ಪಾಲು ಮತ ಸಿಕ್ಕುವಂತಿರಲಿಲ್ಲ, ವಿಚಾರಣೆ ಮುರಿದುಬಿತ್ತು. ರುಜು ಹಾಕಿದವರಿಗೆ ಹುದ್ದೆ, ಅನುಗ್ರಹ. ಎದುರಿಸಿದವರ ನಂಟರಿಗೂ ಕೆಲಸ ಹೋಯಿತು.

ಆ 5 ಸೆಂಟಿನ ಕತೆಯನ್ನು ಕೊನೆಯವರೆಗೂ ಕೇಳಿ. 1934ರ ಡಿಸೆಂಬರಿನಲ್ಲಿ ಆ ಕರ ಪಾಸಾಯಿತು. ಜನ ಜಯಕಾರ ಹಾಕಿದರು. ಬಳಿಕ ಸ್ಟಾಂಡರ್ಡ್ ಆಯಿಲ್ ಜೊತೆ ಒಪ್ಪಂದವಾಗಿ, ರಾಜ್ಯದ ಬಾವಿಗಳ ಎಣ್ಣೆಯನ್ನೇ ಹೆಚ್ಚಾಗಿ ಬಳಸಬೇಕೆಂಬ ಷರತ್ತಿನ ಮೇಲೆ, 5ರಲ್ಲಿ 4 ಸೆಂಟ್ ಕಂಪನಿಗೆ ವಾಪಸು! ವೈರಿಯೆಂದು ವರ್ಷಗಟ್ಟಲೆ ಬೈದ ಕಂಪನಿಗೆ ರಿಯಾಯಿತಿ ಕೊಡುವಾಗ ಜನರನ್ನು ಯಾರೂ ಕೇಳಲಿಲ್ಲ. ಕೇಳುವ ದಾರಿಯನ್ನೂ ಆತ ಮುಚ್ಚುತ್ತಿದ್ದ. 1932ರಿಂದ ಆತ ವಾಷಿಂಗ್ಟನ್‌ನಲ್ಲಿ ಸೆನೇಟರನಾಗಿದ್ದರೂ ರಾಜ್ಯದ ಲಗಾಮು ಆತನ ಕೈಯಲ್ಲೇ. 1934-35ರ ವಿಶೇಷ ಅಧಿವೇಶನಗಳಲ್ಲಿ ಊರಿನ ಪೋಲೀಸು, ಚುನಾವಣಾ ಅಧಿಕಾರಿ, ಶಾಲೆಯ ಮಾಸ್ತರ, ಎಲ್ಲರ ನೌಕರಿಯ ಹಗ್ಗವನ್ನೂ ರಾಜಧಾನಿಗೆ ಕಟ್ಟಿದರು. ಮಸೂದೆ ಓದುವಷ್ಟರಲ್ಲಿ ಪಾಸು. ವಾರಕ್ಕೆ 20,000ಕ್ಕಿಂತ ಹೆಚ್ಚು ಪ್ರತಿ ಮಾರುವ ಪತ್ರಿಕೆಗಳ ಜಾಹೀರಾತು ಆದಾಯದ ಮೇಲೆ ನೂರಕ್ಕೆ 2 ತೆರಿಗೆ ಬಿತ್ತು. ಆತನನ್ನು ಟೀಕಿಸುತ್ತಿದ್ದವು ಆ ದೊಡ್ಡ ಪತ್ರಿಕೆಗಳೇ. ನಮ್ಮಂಥ ಬಡ ವಾರಪತ್ರಿಕೆಗೆ ತೆರಿಗೆ ಇಲ್ಲವಲ್ಲ ಎಂದು ಸಂತೋಷಪಡುವಂತಿಲ್ಲ. ಬೈದವನಿಗೆ ಕರ, ಹೊಗಳಿದವನಿಗೆ ಮಾಫಿ ಎಂಬ ಪದ್ಧತಿ ನಾಳೆ ನಮ್ಮ ಬಾಗಿಲಿಗೂ ಬರುತ್ತದೆ. 1936ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೆರಿಗೆಯನ್ನು ತಳ್ಳಿಹಾಕಿತು.

ಬಡವನ ಕಡೆಯಿಂದಲೂ ಬಾಕಿಗಳುಂಟು. 1934ರಲ್ಲಿ ಆತ "ನಮ್ಮ ಸಂಪತ್ತು ಹಂಚಿಕೊಳ್ಳೋಣ" ಎಂಬ ಚಳವಳಿ ಹೂಡಿದ: ಕೋಟ್ಯಧಿಪತಿಯ ಆಸ್ತಿಗೆ ಮಿತಿ, ಪ್ರತಿ ಸಂಸಾರಕ್ಕೂ 5,000 ಡಾಲರಿನಷ್ಟು ಸ್ವತ್ತು, ಮುದುಕರಿಗೆ ಪಿಂಚಣಿ. ಹಸಿದ ಕಾಲ, ಲಕ್ಷಾಂತರ ಜನ ಸೇರಿದರು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತೆಯ ಕಾಯಿದೆ ತರಲು, ಶ್ರೀಮಂತರ ತೆರಿಗೆ ಏರಿಸಲು ಈ ಗದ್ದಲವೂ ಒಂದು ಒತ್ತಡವಾಯಿತು; ಅದನ್ನೂ ಜಮಾಕ್ಕೆ ಬರೆಯಿರಿ. ಆದರೆ ದೇಶಕ್ಕೆಲ್ಲ ಪಿಂಚಣಿ ಕೊಡಿಸಹೊರಟವನ ಸ್ವಂತ ರಾಜ್ಯದಲ್ಲಿ, ಆತ ಬದುಕಿದ್ದಷ್ಟು ದಿನ, ಸಾಮಾನ್ಯ ಮುದುಕನಿಗೆ ಪಿಂಚಣಿಯಿಲ್ಲ, ಕೂಲಿಯವನಿಗೆ ಕನಿಷ್ಠ ಕೂಲಿಯ ಕಾಯಿದೆಯಿಲ್ಲ. ತಲೆಗಂದಾಯ ಹೋದರೂ ಕರಿಯ ಜನರನ್ನು ಮತಗಟ್ಟೆಯಿಂದ ಹೊರಗಿಡುವ ಬೇರೆ ಬೇಲಿಗಳನ್ನು ಆತ ಮುಟ್ಟಲಿಲ್ಲ. ಪುಸ್ತಕ ಕೊಟ್ಟನು, ಮತ ಕೊಡಲಿಲ್ಲ.

1935ರ ಸೆಪ್ಟೆಂಬರ್ 8ರಂದು, ತಾನೇ ಕಟ್ಟಿಸಿದ 34 ಅಂತಸ್ತಿನ ರಾಜಧಾನಿ ಭವನದಲ್ಲಿ ಆತನಿಗೆ ಗುಂಡು ತಗುಲಿತು. ಗುಂಡು ಹಾರಿಸಿದವನು ಆತನ ವಿರೋಧಿಯೊಬ್ಬ ನ್ಯಾಯಾಧೀಶನ ಅಳಿಯ, ಡಾಕ್ಟರ್ ಕಾರ್ಲ್ ವೈಸ್ ಎನ್ನುತ್ತಾರೆ. ಅಂಗರಕ್ಷಕರ ಗುಂಡೇ ತಗುಲಿತೆಂಬ ವಾದವೂ ಇದೆ. ವೈಸ್‌ನನ್ನು ಅಂಗರಕ್ಷಕರು ಅಲ್ಲಿಯೇ ಕೊಂದರು. 10ರಂದು ಹ್ಯೂಯಿ ತೀರಿಕೊಂಡ, ವಯಸ್ಸು 42. ಕೊಲೆಯನ್ನು ರಾಜಕೀಯವೆಂದು ನಾವೆಂದೂ ಒಪ್ಪುವುದಿಲ್ಲ. ಅದರಿಂದ ಲೆಕ್ಕ ಚುಕ್ತವಾಗಲಿಲ್ಲ, ಲೆಕ್ಕ ಕೇಳುವ ಅವಕಾಶವೇ ಹೋಯಿತು.

ಅನಂತರ ಆದದ್ದೇ ನಮಗೆ ಪಾಠ. ಆತ ಹೂಡಿದ ಯಂತ್ರ ಶಿಷ್ಯರ ಕೈಗೆ ಬಂದಿತು. 1939ರಲ್ಲಿ ಗವರ್ನರ್ ರಿಚರ್ಡ್ ಲೆಷ್ ರಾಜೀನಾಮೆ ಕೊಟ್ಟು, ಮುಂದೆ ವಂಚನೆಯ ಅಪರಾಧಕ್ಕಾಗಿ ಸೆರೆಮನೆ ಸೇರಿದ. ವಿಶ್ವವಿದ್ಯಾಲಯದ ಅಧ್ಯಕ್ಷನೇ ಹಣ ನುಂಗಿ ಕೆನಡಾಕ್ಕೆ ಓಡಿ ಸಿಕ್ಕಿಬಿದ್ದ. ಗುರು ತಿಂದರೂ ರಸ್ತೆ ಹಾಕಿದ್ದ. ಶಿಷ್ಯರ ಕಾಲಕ್ಕೆ ಕಳ್ಳತನವೇ ಮುಂದಾಯಿತು. ಅವರನ್ನು ತಡೆಯಬೇಕಾದ ಪತ್ರಿಕೆ, ಊರಿನ ಸಭೆ, ನಿರ್ಭಯ ನೌಕರ, ಎಲ್ಲರ ಬೆನ್ನನ್ನೂ ಗುರುವೇ ಬಗ್ಗಿಸಿ ಹೋಗಿದ್ದ.

ಹಾಗಾದರೆ ತಕ್ಕಡಿ ಯಾವ ಕಡೆಗೆ? ಅಂಗಡಿಯ ಸಂಗಾತಿಗಳು ಬಲ್ಲರು: ಜಮಾವನ್ನು ಅಳಿಸಿ ಖರ್ಚು ಬರೆಯುವುದಿಲ್ಲ, ಖರ್ಚನ್ನು ಮುಚ್ಚಿ ಜಮಾ ತೋರಿಸುವುದಿಲ್ಲ. ರಸ್ತೆಯೂ ನಿಜ, ಲೂಟಿಯೂ ನಿಜ. ಆದರೆ ಅವನ ಕೊಡುಗೆಗಳಲ್ಲಿ ಎರಡು ಜಾತಿಯಿವೆ. ಪುಸ್ತಕವೂ ತಲೆಗಂದಾಯದ ರದ್ದತಿಯೂ ಕಾಯಿದೆಯಿಂದ ಎಲ್ಲರಿಗೂ ಬಂದ ಹಕ್ಕು. ಅದನ್ನು ಪಡೆಯಲು ಯಾರ ಮನೆಯ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ನೌಕರಿಯೂ ಗುತ್ತಿಗೆಯೂ ಅನುಗ್ರಹ. ಅವನ್ನು ಪಡೆದವನು ಸಾಯುವ ತನಕ ಋಣಿ. ಮೊದಲನೆಯದು ಬಡವನನ್ನು ನೆಟ್ಟಗೆ ನಿಲ್ಲಿಸಿತು, ಎರಡನೆಯದು ಅವನನ್ನು ಮತ್ತೆ ಬಗ್ಗಿಸಿತು. ಕೈ ನೆಕ್ಕುವ ಗಾದೆಗೂ ಇದೇ ಉತ್ತರ: ಆತ ಬೆರಳು ನೆಕ್ಕಿದ್ದಷ್ಟೇ ಆಗಿದ್ದರೆ ಮಾತು ಬೇರೆ, ಜೇನಿನ ಮರವನ್ನೇ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದ.

ಆದುದರಿಂದ ಬಡವರಿಗಾಗಿ ಮಾಡಿದೆನೆಂದು ಬರುವ ಯಾವನನ್ನೇ ಆಗಲಿ ಮೂರು ಪ್ರಶ್ನೆ ಕೇಳಿ. ನೀನು ಕೊಟ್ಟದ್ದು ನೀನು ಹೋದಮೇಲೂ ನಮ್ಮ ಹಕ್ಕಾಗಿ ಉಳಿಯುವುದೇ? ಅದರ ಹಣ ಧಣಿಯ ಗಂಟಿನಿಂದ ಬಂದಿತೇ, ನಮ್ಮ ಪಗಾರದಿಂದ ಬಂದಿತೇ? ನಿನ್ನ ಲೆಕ್ಕ ಕೇಳುವವನ ಕೆಲಸ ಮಾರನೆಯ ದಿನವೂ ಉಳಿದಿರುವುದೇ?

ಈ ಪ್ರಶ್ನೆಗಳನ್ನು ಪುರಸಭೆಯಲ್ಲಿ ಕೇಳಿ, ಯೂನಿಯನ್ನಿನಲ್ಲಿ ಕೇಳಿ, ನಮ್ಮ ಪಕ್ಷದಲ್ಲಿಯೂ ಕೇಳಿ. ಇಂದು ಶಿಬಿರಕ್ಕೆ ಕೊಟ್ಟ ಚಂದಾಕ್ಕೂ ರಸೀತಿ ಪಡೆಯದೆ ಇಲ್ಲಿಂದ ಏಳಬೇಡಿ.