ಮಳೆ ಕಾಯುವ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಡಾಕ್ಟರು, ಇಂಜಿನಿಯರು, ತಹಸೀಲ್ದಾರರು ಇದ್ದರು. ನಾನು ಈ ಶಾಲೆ ಬಿಟ್ಟು ಸೇರಿದ್ದು ಎದುರಿಗೆ ಕಾಣುವ ನಮ್ಮ ಹೊಲಕ್ಕೆ. ಇಷ್ಟು ವರ್ಷ ಏನು ಮಾಡಿದೆ ಅಂತ ಕೇಳಿದರೆ, ಅರ್ಧ ಆಯಸ್ಸು ಮಳೆ ಕಾದೆ ಅನ್ನಬೇಕು. ಹಾಗಾಗಿ ಅದರ ಬಗ್ಗೆಯೇ ಎರಡು ಮಾತು.

ನಾನು ಹತ್ತನೇ ತರಗತಿಯಲ್ಲಿದ್ದದ್ದು 1985ರಲ್ಲಿ. ಬರಗಾಲ. ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಭರಣಿ ಮಳೆಗೆ ಹೆಸರು ಬಿತ್ತಿ, ಅದನ್ನು ಕಿತ್ತ ಮೇಲೆ ರಾಗಿ ಹಾಕುವುದು ವಾಡಿಕೆ. ಆ ವರ್ಷ ಹೆಸರು ಹೂವಿನಲ್ಲೇ ಒಣಗಿತು. ಪುನರ್ವಸುವಿನಲ್ಲಿ ಒಂದು ದಿನ ಮಳೆಯಾಯಿತು. ಅಪ್ಪ ಆತುರಪಟ್ಟು ಕೂರಿಗೆ ಹೂಡಿದ. ಮೊಳಕೆ ಬಂತು, ಮಳೆ ಹೋಯಿತು. ಇಪ್ಪತ್ತು ದಿನಕ್ಕೆ ಹೊಲದಲ್ಲಿ ಸಾಲುಗಳೇ ಕಾಣಲಿಲ್ಲ.

ಹುಡುಗರೆಲ್ಲ ಸೇರಿ ಮಣ್ಣಿನ ಮಳೆರಾಯನನ್ನು ಮಾಡಿ, ತಲೆ ಮೇಲೆ ಹೊತ್ತು ಮನೆ ಮನೆ ತಿರುಗಿದೆವು. ಹೆಂಗಸರು ನೀರು ಹುಯ್ದು ಹಿಟ್ಟು ಕೊಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಮಳೆಗಿಂತ ಆ ಹಿಟ್ಟಿನಲ್ಲಿ ಮಾಡುವ ಊಟದ ಮೇಲೇ ಕಣ್ಣು. ಮನೆಯಲ್ಲಿ ರಾಗಿ ಮುಗಿದಿತ್ತು. ಆದರೆ ಕೋಣೆಯ ಮೂಲೆಯ ಗುಡಾಣದಲ್ಲಿ, ಬೇವಿನ ಸೊಪ್ಪಿನ ಜೊತೆ, ಹತ್ತು ಸೇರು ಇತ್ತು. "ಅವ್ವ, ಅದನ್ನೇ ಬೀಸಬಾರದಾ?" ಅಂದೆ. "ಅದು ರಾಗಿ ಅಲ್ಲ ಕಣಪ್ಪ, ಬೀಜ" ಅಂದಳು. ಮಾರನೆಯ ದಿನದಿಂದ ಕೆರೆ ಹೂಳೆತ್ತುವ ಬರಗಾಲದ ಕೆಲಸಕ್ಕೆ ಹೊರಟಳು. ಮಂಕರಿಯಲ್ಲಿ ಮಣ್ಣು ಹೊತ್ತು ತಂದ ಕೂಲಿಯಲ್ಲಿ ನಾವು ಉಂಡೆವು. ಗುಡಾಣದ ಬಾಯಿ ತೆಗೆಯಲಿಲ್ಲ.

ಆಗ ನಮ್ಮ ಭೂಗೋಳದ ಮೇಷ್ಟ್ರು ಧ್ವಜಸ್ತಂಭದ ಹತ್ತಿರ ಒಂದು ಮಳೆಮಾಪಕ ನಿಲ್ಲಿಸಿದ್ದರು. ಮನೆ ಹತ್ತಿರ ಅಂತ ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯುವ ಕೆಲಸ ನನಗೇ ಬಂತು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು ಅಂತ ಅವರು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದ ದಿನ, ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕು, ಹಿಂದಿನ ರಾತ್ರಿ ಹನಿದಿದ್ದ ಹೊಲದಲ್ಲಿ ಬೆರಳು ಇಳಿಸಿ, "ನಿಮ್ಮ ಮೇಷ್ಟ್ರ ನೀರು ಎಲ್ಲೀಗಂಟ ಇಳಿದೈತೆ ನೋಡು" ಅಂದ. ಬೆರಳಿನ ಒಂದು ಗೆಣ್ಣಿನ ಕೆಳಗೆ ಮಣ್ಣು ಒಣ ಹಿಟ್ಟು. ಪುನರ್ವಸುವಿನಲ್ಲಿ ಕೆಟ್ಟು ಕಲಿತ ಬುದ್ಧಿ ಅದು.

ಮಖೆ ಮಳೆಗೆ ಹದವಾಯಿತು. ಗುಡಾಣದ ಬೀಜ ಹೊಲಕ್ಕೆ ಹೋಯಿತು. ಬಂದದ್ದು ನಾಲ್ಕು ಮೂಟೆ, ಹೇಳಿಕೊಳ್ಳುವ ಬೆಳೆಯಲ್ಲ. ಅದರಲ್ಲಿ ಮೊದಲು ಅಳೆದು ತೆಗೆದಿಟ್ಟದ್ದು ಮುಂದಿನ ವರ್ಷದ ಬೀಜ. ಆಮೇಲೆ ಒಂದು ಮೂಟೆ ಮಾರಿ ನನ್ನ ಪರೀಕ್ಷೆ ಫೀಜು ಕಟ್ಟಿದರು. ಎತ್ತುಗಳಿಗೆ ಹುಲ್ಲಾಯಿತು. ಆ ವರ್ಷ ಎತ್ತು ಮಾರಿದ ಮನೆಗಳು ಮತ್ತೆ ಒಂದು ಜೊತೆ ಕಟ್ಟಲು ಎಷ್ಟು ಪಾಡು ಪಟ್ಟವು ಅನ್ನುವುದು ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು.

ಇಷ್ಟೆಲ್ಲ ಕಂಡಿದ್ದೂ 2023ರಲ್ಲಿ ನಾನು ತಾಳ್ಮೆಗೆಟ್ಟೆ. 1901ರಿಂದ ಇಟ್ಟಿರುವ ಲೆಕ್ಕದಲ್ಲೇ ದೇಶಕ್ಕೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು. ಜುಲೈ ಕೊನೆಗೆ ಬಿತ್ತಿದ ರಾಗಿ ಮಧ್ಯಾಹ್ನದ ಹೊತ್ತಿಗೆ ಗರಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಮೋಡ ಹುಡುಕುತ್ತಿದ್ದೆ. ಕೊನೆಗೆ ತಡೆಯಲಾರದೆ ಟ್ರ್ಯಾಕ್ಟರ್ ಕರೆಸಿ ಒಂದು ಎಕರೆ ಅಳಿಸಿಯೇ ಬಿಟ್ಟೆ. ಇನ್ನೊಂದು ಎಕರೆಗೆ ಹೋಗುವಷ್ಟರಲ್ಲಿ ನನ್ನ ಹೆಂಡತಿ ಬಂದು ಅಡ್ಡ ನಿಂತಳು. "ಬೆಳಿಗ್ಗೆ ಹೊತ್ತು ಬಂದು ನೋಡಿದ್ದೀರಾ? ಗರಿ ಬಿಚ್ಚಿಕೊಂಡಿರ್ತದೆ" ಅಂದಳು. ನಾನು ನೋಡುತ್ತಿದ್ದದ್ದು ದಿನಾ ಮಧ್ಯಾಹ್ನ. ಹುಬ್ಬೆ ಮಳೆ ಬಿದ್ದ ಮೇಲೆ ಆ ಎಕರೆ ಮತ್ತೆ ತೆಂಡೆ ಒಡೆಯಿತು. ಅಳಿಸಿದ್ದಕ್ಕೆ ಹುರುಳಿ ಚೆಲ್ಲಿದೆ.

ಹಾಗಂತ ಕಾದವರಿಗೆಲ್ಲ ಮಳೆ ಬರುತ್ತದೆ ಅಂತ ನಾನು ಹೇಳಲಾರೆ. ಅದೇ ವರ್ಷ ಕಾದು ಕೂತು ಪೂರ್ತಿ ಕಳೆದುಕೊಂಡವರು ಈ ಸಭೆಯಲ್ಲೇ ಇದ್ದಾರೆ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ಕಾಯುವುದಕ್ಕೂ ಗಡುವು ಇರುತ್ತದೆ. ದೀರ್ಘಾವಧಿ ರಾಗಿಗೆ ಹೊತ್ತು ಮೀರಿತೇ, ಜಿಪಿಯು 28ರಂಥ ಮಧ್ಯಮಾವಧಿಯದು. ಅದೂ ಮೀರಿತೇ, ಹುರುಳಿ. ಅಪ್ಪನ ಕಾಲದವರು ಇದನ್ನೇ ನಕ್ಷತ್ರಗಳ ಹೆಸರಿನಲ್ಲಿ ಹೇಳುತ್ತಿದ್ದರು. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಅದಕ್ಕೆ ತಕ್ಕ ಬೀಜ. ದೇವರ ಮೇಲೆ ಭಾರ ಹಾಕಿದವರೂ ಮನೆಯಲ್ಲಿ ಎರಡು ಸೇರು ಹುರುಳಿ ಬೀಜ ಇಟ್ಟುಕೊಂಡೇ ಹಾಕುತ್ತಿದ್ದರು.

ಹಳೆಯ ಮಳೆಮಾಪಕ ಹೊಸ ಕೊಠಡಿ ಕಟ್ಟುವಾಗ ಹೋಯಿತು. ನಮ್ಮ ಬ್ಯಾಚಿನವರು ಸೇರಿ ಇನ್ನೊಂದು ತಂದಿದ್ದೇವೆ. ಎಂಟನೇ ತರಗತಿಯ ಮಕ್ಕಳೇ, ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಿರಿ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ನಮ್ಮ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. 1985ರ ನನ್ನ ಪುಸ್ತಕದಲ್ಲಿ ಪುಟಗಟ್ಟಲೆ ಸೊನ್ನೆಗಳಿವೆ. ಅದನ್ನೂ ಇವತ್ತು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ.