ಬರೆಯಲು ಕೂತಾಗ ಕೈಕೊಡುವವರು ಯಾರು?

(ಇಂಗ್ಲೆಂಡಿನ ನಮ್ಮ ಕನ್ನಡ ಬಳಗದ ಯುಗಾದಿ ಸಾಹಿತ್ಯಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಹಬ್ಬದ ಊಟಕ್ಕೆ ಮುಂಚೆ ಭಾಷಣ ಇಟ್ಟರೆ ಕೇಳುವವರಿಗೆ ಹಸಿವು, ಊಟ ಆದಮೇಲೆ ಇಟ್ಟರೆ ನಿದ್ದೆ. ಸಂಘಟಕರು ನನ್ನನ್ನು ಊಟಕ್ಕೆ ಮುಂಚೆಯೇ ನಿಲ್ಲಿಸಿದ್ದಾರೆ. ಒಳಗಿನಿಂದ ಒಬ್ಬಟ್ಟಿನ ವಾಸನೆ ನನಗೂ ಬರುತ್ತಿದೆ. ಹಾಗಾಗಿ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

ನಮ್ಮ ಬಳಗದಲ್ಲಿ ಬರೆಯುವ ಆಸೆ ಇರುವವರು ಕಡಿಮೆ ಏನಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರಿದ್ದೀರಿ, ಬ್ಯಾಂಕಿನ ಲೆಕ್ಕ ನೋಡುವವರಿದ್ದೀರಿ, ಸಾಫ್ಟ್‌ವೇರ್‌ನವರಂತೂ ಎತ್ತ ತಿರುಗಿದರೂ ಇದ್ದೀರಿ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದರೆ ನನಗೆ ಮೂರು ಉತ್ತರ ಸಿಗುತ್ತವೆ. "ಕನ್ನಡ ಟೈಪ್ ಮಾಡೋದು ತಲೆನೋವು ಸಾರ್" ಎನ್ನುವುದು ಒಂದು. "ಪದಗಳೇ ನೆನಪಿಗೆ ಬರಲ್ಲ, ಓದೋಕೆ ಪುಸ್ತಕ ಬೇರೆ ಇಲ್ಲಿ ಸಿಗಲ್ಲ" ಎನ್ನುವುದು ಎರಡು. "ಕೂತ್ಕೊಳ್ಳೋಕೆ ಟೈಮ್ ಎಲ್ಲಿದೆ?" ಎನ್ನುವುದು ಮೂರು.

ಮೂರೂ ನಿಜವೇ. ಆದರೆ ನಾವು ಇವುಗಳ ಜವಾಬ್ದಾರಿಯನ್ನು ಅದಲು ಬದಲು ಮಾಡಿಕೊಂಡಿದ್ದೇವೆ ಅಂತ ನನಗೆ ಅನಿಸುತ್ತದೆ. ತಂತ್ರಾಂಶದ ತೊಂದರೆ ಎಲ್ಲರೂ ಸೇರಿ ಸರಿಪಡಿಸಬೇಕಾದದ್ದು. ಅದನ್ನು "ನನಗೆ ಬರಲ್ಲ ಬಿಡಿ" ಎಂದು ಒಬ್ಬೊಬ್ಬರೇ ನುಂಗಿಕೊಳ್ಳುತ್ತೇವೆ. ಏಕಾಗ್ರತೆ ಇಲ್ಲದಿರುವುದು ನಮ್ಮದೇ ಮನೆಯ ವಿಷಯ. ಅದಕ್ಕೆ ಮಾತ್ರ ಊರವರನ್ನೆಲ್ಲಾ ದೂರುತ್ತೇವೆ!

ಮೊದಲು ಗಣಕದ ಕಥೆ. ನಮ್ಮ ಬಳಗದ ಒಬ್ಬ ಹಿರಿಯ ಸದಸ್ಯೆ ಹೋದ ವರ್ಷ ಒಂದು ಹಳೆಯ ಸಿಡಿ ತಂದುಕೊಟ್ಟರು. ಅವರ ತಂದೆ ಶಾಲಾ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ತಮ್ಮ ಬಾಲ್ಯದ ನೆನಪುಗಳನ್ನು ತಾವೇ ಟೈಪ್ ಮಾಡಿದ್ದರಂತೆ. ಅವರು ಈಗಿಲ್ಲ. ಕಡತ ತೆರೆದರೆ ಒಂದಕ್ಷರ ಕನ್ನಡ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೀಟುಗಳು, ನಡುನಡುವೆ ಪೌಂಡಿನ ಚಿಹ್ನೆ. "ಅಪ್ಪ ಬರೆದದ್ದೆಲ್ಲಾ ಹೋಯ್ತಾ?" ಅಂತ ಅವರು ಕೇಳಿದಾಗ ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು.

ಹೋಗಿರಲಿಲ್ಲ. ಆಗಿರುವುದು ಇಷ್ಟು. ಹಿಂದೆ ಗಣಕಕ್ಕೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟ್‌ಗಳನ್ನು ಮಾಡಿದರು. ನುಡಿಯ ಹಳೆಯ ಫಾಂಟಿನಲ್ಲಿ ನೀವು "ನ" ಎಂದು ಬರೆದಾಗ ಒಳಗೆ ಕೂತಿದ್ದದ್ದು ಪೌಂಡ್ ಚಿಹ್ನೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಪೌಂಡ್ ಸಂಪಾದಿಸಲು ಈ ದೇಶಕ್ಕೆ ಬಂದವರು ನಾವು, ಆದರೆ ಈ ರೀತಿಯ ಪೌಂಡ್ ಯಾರಿಗೆ ಬೇಕು ಸ್ವಾಮಿ? ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಗುಪ್ತಲಿಪಿ ಬೇರೆ.

ಆ ತಂತ್ರಾಂಶಗಳನ್ನು ಹಳಿಯಲು ನಾನು ಇಲ್ಲಿ ನಿಂತಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಾರದಿದ್ದರೆ ಹೊರದೇಶದ ಎಷ್ಟೋ ಕನ್ನಡಿಗರು ಗಣಕದಲ್ಲಿ ಕನ್ನಡವನ್ನೇ ನೋಡುತ್ತಿರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ "ನುಡಿ" ಇವೆಲ್ಲ ನಮ್ಮ ಅನ್ನಕ್ಕೆ ದಾರಿ ಮಾಡಿಕೊಟ್ಟವು. ಆದರೆ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಅದರದ್ದೇ ಜಾಗ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ "ತುಂಗಾ" ಫಾಂಟಿನ ಜೊತೆ ಕನ್ನಡ ಬಂತು. ಯೂನಿಕೋಡ್‌ನಲ್ಲಿ ಬರೆದದ್ದು ಯಾವ ಯಂತ್ರದಲ್ಲಿ ತೆರೆದರೂ ಕನ್ನಡವೇ, ಹುಡುಕಿದರೆ ಸಿಗುತ್ತದೆ.

ಹೀಗಿದ್ದೂ ನನ್ನ ಒಂದು ಲೇಖನವನ್ನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಯೂನಿಕೋಡ್‌ನಲ್ಲಿ ಕಳಿಸಿದಾಗ ಬಂದ ಉತ್ತರ, "ದಯವಿಟ್ಟು ನುಡಿಯಲ್ಲಿ ಟೈಪ್ ಮಾಡಿ ಕಳಿಸಿ". ಅವರ ಪುಟವಿನ್ಯಾಸ ಇನ್ನೂ ಪೇಜ್‌ಮೇಕರ್‌ನಲ್ಲಿ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ! ಹೊಸದಾಗಿ ಬರೆಯುವವನಿಗೆ ಇಂಥ ಉತ್ತರ ಬಂದರೆ ಏನಾಗುತ್ತದೆ? ಅವನು ಫಾಂಟ್ ಬದಲಿಸುವುದಿಲ್ಲ, ಬರೆಯುವುದನ್ನೇ ಬಿಡುತ್ತಾನೆ.

ಸಣ್ಣ ಕಿರಿಕಿರಿಗಳೂ ಇವೆ. "ರಾಜ್‌ಕುಮಾರ್" ಎಂದು ಸರಿಯಾಗಿ ಬರೆಯಲು ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು, ಇಲ್ಲದಿದ್ದರೆ ಅಣ್ಣಾವ್ರು "ರಾಜ್ಕುಮಾರ್" ಆಗಿಬಿಡುತ್ತಾರೆ. ಒಬ್ಬರು ಗುರುತು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಎಷ್ಟೋ ತಂತ್ರಾಂಶಗಳಿಗೆ ಅವು ಎರಡು ಬೇರೆ ಪದಗಳು. ಅರ್ಕಾವತ್ತು ಸಿಗದೆ ಒಂಬತ್ತರ ಅಂಕಿ ಹಾಕಿ "ಸೂಯ೯" ಎಂದು ಬರೆಯುವವರಿದ್ದಾರೆ. ಕಣ್ಣಿಗೆ ಸೂರ್ಯನೇ, ಹುಡುಕಿದರೆ ಗ್ರಹಣ! ಇನ್ನು ಕಾಗುಣಿತ ಪರೀಕ್ಷಕ. "ಮನೆ" ಅದಕ್ಕೆ ಗೊತ್ತು. "ಮನೆಯವರಿಗೂ" ಎಂದರೆ ಕೆಂಪು ಗೆರೆ ಎಳೆಯುತ್ತದೆ. ನಮ್ಮ ಭಾಷೆಯಲ್ಲಿ ಒಂದು ಪದಕ್ಕೆ ವಿಭಕ್ತಿ, ಬಹುವಚನ, ಸಂಧಿ ಎಲ್ಲಾ ಸೇರಿ ನೂರಾರು ರೂಪ. ಇಂಗ್ಲಿಷಿನಂತೆ ಪಟ್ಟಿ ಮಾಡಿಟ್ಟು ಹೋಲಿಸಿದರೆ ಆಗುವುದಿಲ್ಲ, ವ್ಯಾಕರಣವನ್ನೇ ಯಂತ್ರಕ್ಕೆ ಕಲಿಸಬೇಕು. ಆದ್ದರಿಂದ ಕೆಂಪು ಗೆರೆ ನೋಡಿ "ನನಗೆ ಕನ್ನಡ ಮರೆತುಹೋಗಿದೆ" ಅಂತ ಕೊರಗಬೇಡಿ. ಎಷ್ಟೋ ಸಲ ಕನ್ನಡ ಕಲಿಯಬೇಕಾದದ್ದು ಅದು!

ಆ ಸಿಡಿಯ ವಿಷಯಕ್ಕೆ ಬಂದರೆ, ಹಳೆಯ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ನಾವೇ ಕೂತು ತಿದ್ದಿದೆವು. ಈಗ ಮಾಸ್ತರರ ನೆನಪುಗಳನ್ನು ಅವರ ಮರಿಮಕ್ಕಳು ಫೋನಿನಲ್ಲೇ ತೆರೆಯಬಹುದು. ಆದರೆ ಇಲ್ಲಿ ಕೂತಿರುವ ಎಷ್ಟು ಜನರ ಮನೆಯಲ್ಲಿ ಇಂಥ ಸಿಡಿಗಳಿವೆ, ಯೋಚಿಸಿ. ಸಿಡಿ ಹಾಕಲು ಡ್ರೈವೇ ಇಲ್ಲದ ಲ್ಯಾಪ್‌ಟಾಪ್ ಕಾಲ ಇದು.

ಎರಡನೆಯದು ಓದು, ಅಧ್ಯಯನ. ಪುಸ್ತಕ ಸಿಗಲ್ಲ ಎನ್ನುವ ಮಾತು ಇಪ್ಪತ್ತು ವರ್ಷದ ಹಿಂದೆ ಪೂರ್ತಿ ನಿಜ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ವಿಮಾನದಲ್ಲಿ ಹೊತ್ತು ತರಲು ಯಾರಿಗೆ ಸಾಧ್ಯವಿತ್ತು? ಈಗ ವಿ. ಕೃಷ್ಣ ಎಂಬುವವರು ದಶಕಗಳ ಕಾಲ ಒಬ್ಬರೇ ಕಟ್ಟಿದ "ಅಲರ್" ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 1894ರ ಕಿಟ್ಟೆಲ್ ನಿಘಂಟಿನ ಪುಟಗಳೂ ಜಾಲದಲ್ಲಿ ಸಿಗುತ್ತವೆ. "ವಚನ ಸಂಚಯ"ದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಗಳಲ್ಲಿದೆ ಎಂದು ತೋರಿಸುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದಾಗ ನಾವೆಲ್ಲಾ ಹೋಗಿ ಫೋಟೋ ತೆಗೆಸಿಕೊಂಡೆವು. ಆ ಪ್ರತಿಮೆಯ ಮುಂದೆ ನಿಂತೇ ಅವರ ವಚನಗಳನ್ನು ಹುಡುಕಿ ಓದಬಹುದು. ಯೂನಿಕೋಡ್ ಇಲ್ಲದೆ ಇದು ಆಗುತ್ತಿರಲಿಲ್ಲ.

ಬರೆಯಲು ವಿಷಯ ಇಲ್ಲ ಎನ್ನುವವರಿಗೆ ಒಂದು ಮಾತು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋಗಿ ತಮ್ಮ ಹಳ್ಳಿಯ ಕಣ್ಣಿನಿಂದಲೇ ಅದನ್ನು ನೋಡಿ ಬರೆದರು. ಆ "ಅಮೇರಿಕದಲ್ಲಿ ಗೊರೂರು" ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಇಲ್ಲೇ ವರ್ಷಗಟ್ಟಲೆ ಬಾಳಿದವರು, ನಮಗೆ ವಿಷಯಕ್ಕೆ ಬರವೇ?

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಸಮಯ ಮತ್ತು ಗಮನ. ಇದಕ್ಕೆ ಯಾವ ತಂತ್ರಾಂಶವೂ ಇಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿ. ಅವರ "ಕೆಲವು ಸಣ್ಣ ಕಥೆಗಳು" ಬಂದದ್ದು 1920ರಲ್ಲಿ, ಸರ್ಕಾರಿ ಕೆಲಸ ಬಿಟ್ಟದ್ದು 1943ರಲ್ಲಿ. ನಡುವಿನ ಇಪ್ಪತ್ತಮೂರು ವರ್ಷ ಕಡತವನ್ನೂ ನೋಡಿದರು, ಕಥೆಯನ್ನೂ ಬರೆದರು. ನಮಗಿಂತ ಅವರಿಗೆ ಕೆಲಸ ಕಡಿಮೆ ಇತ್ತು ಅಂತ ನನಗೆ ಅನಿಸುವುದಿಲ್ಲ. ಜೇಬಿನಲ್ಲಿ ನಿಮಿಷಕ್ಕೊಮ್ಮೆ ಕೂಗುವ ಫೋನ್ ಮಾತ್ರ ಇರಲಿಲ್ಲ!

ನಾನು ಪಾಲಿಸುವ ಕ್ರಮ ಹೇಳುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಬೆಳಗ್ಗೆ ಅರ್ಧ ಗಂಟೆ ಫೋನ್ ಬೇರೆ ಕೋಣೆಯಲ್ಲಿ. ಮೊದಲ ಕರಡು ಕಾಗದದ ಮೇಲೆ, ಪೆನ್ನಿನಲ್ಲಿ. ಆಗ ಫಾಂಟ್ ಚಿಂತೆ ಇಲ್ಲ, ಕೆಂಪು ಗೆರೆ ಇಲ್ಲ, ನಡುವೆ ಮಿಂಚಂಚೆ ನೋಡುವ ಆಸೆ ಇಲ್ಲ. ಪದ ಸಿಗದಿದ್ದರೆ ಇಂಗ್ಲಿಷ್ ಪದವನ್ನೇ ಬರೆದು ಅಡಿಗೆರೆ ಎಳೆದು ಮುಂದೆ ಹೋಗುತ್ತೇನೆ. ನಿಘಂಟು ತೆರೆಯುವುದು ಸಂಜೆ. ಟೈಪಿಂಗ್ ವಾರಕ್ಕೊಮ್ಮೆ. ದಿನಕ್ಕೆ 150 ಪದ, ವಾರಕ್ಕೆ ಆರು ದಿನ, ವರ್ಷಕ್ಕೆ ಐವತ್ತು ವಾರ ಎಂದು ಲೆಕ್ಕ ಹಾಕಿ: 45,000 ಪದ. ಅದು ಒಂದು ಪುಸ್ತಕ ಸ್ವಾಮಿ!

ಕೊನೆಯದಾಗಿ, ನಮ್ಮ ಬಳಗ ಈ ವರ್ಷ ಮಾಡಬಹುದಾದ ಮೂರು ಕೆಲಸ. ಒಂದು, ವಾರ್ಷಿಕ ಸಂಚಿಕೆಯನ್ನು ಇನ್ನು ಮುಂದೆ ಯೂನಿಕೋಡ್‌ನಲ್ಲೇ ತರೋಣ, ಹಳೆಯ ಸಂಚಿಕೆಗಳನ್ನು ಪರಿವರ್ತಿಸೋಣ. ಎರಡು, ಮನೆಯಲ್ಲಿರುವ ಹಿರಿಯರ ಸಿಡಿ, ಫ್ಲಾಪಿ ತನ್ನಿ. ತಿಂಗಳಿಗೊಂದು ಭಾನುವಾರ ಕೂತು ಉಳಿಸೋಣ. ಮೂರು, ಪತ್ರಿಕೆ, ಪ್ರಕಾಶಕರು, ಫೋನ್ ಮತ್ತು ತಂತ್ರಾಂಶದ ಕಂಪನಿಗಳಿಗೆ ಬರೆಯೋಣ. ಯೂನಿಕೋಡ್ ಲೇಖನ ತೆಗೆದುಕೊಳ್ಳಿ, ಈ ಪದ ತಪ್ಪಾಗಿ ಮೂಡುತ್ತಿದೆ, ಈ ಹುಡುಕಾಟ ಕೆಲಸ ಮಾಡುತ್ತಿಲ್ಲ ಎಂದು ಉದಾಹರಣೆ ಸಮೇತ, ವಿನಯದಿಂದ, ಮತ್ತೆ ಮತ್ತೆ. ಒಬ್ಬರು ಬರೆದರೆ ಅದು ದೂರು, ಐವತ್ತು ಜನ ಬರೆದರೆ ಬೇಡಿಕೆ. ಇಲ್ಲಿ ಬಸ್ಸು ಐದು ನಿಮಿಷ ತಡವಾದರೆ ಪತ್ರ ಬರೆಯುವ ನಾವು, ನಮ್ಮ ಭಾಷೆಗೆ ಎರಡು ಸಾಲು ಬರೆಯಲಾರೆವೇ?

ಒಬ್ಬಟ್ಟು ಆರುತ್ತಿದೆ. ಊಟ ಮಾಡಿ, ನಾಳೆ ಬೆಳಗ್ಗೆ ಅರ್ಧ ಗಂಟೆ ಬರೆಯಿರಿ. ಎಲ್ಲರಿಗೂ ಯುಗಾದಿಯ ಶುಭಾಶಯಗಳು.

ಸಿರಿಗನ್ನಡಂ ಗೆಲ್ಗೆ!