ಕೊಟ್ಟದ್ದು ತಿರುಗಿ ಬರಬೇಕು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಓದಿ ಪರದೇಶಕ್ಕೆ ಹೋದವರು ನಮ್ಮ ಪಾಲಿಗಿಲ್ಲ ಅಂತ ಕಟ್ಟಿ ಮ್ಯಾಲೆ ಕುಂತು ಮಾತಾಡ್ತೀವಿ. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರ ಸಂಗತಿ ಕೇಳಿರಿ. 1973ರಲ್ಲಿ ಮದ್ರಾಸಿನ ಐ.ಐ.ಟಿ. ಮುಗಿಸಿ ಕೆನಡಾಕ್ಕೆ ಹೋಗಿ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಓದಿದರು. ಮುಂದೆ ಅಮೆರಿಕದಲ್ಲಿ ಕಂಪನಿ ಕಟ್ಟಿ ಗಳಿಸಿದರು. 2002ರಲ್ಲಿ ಅವರೂ ಪತ್ನಿ ಜಯಶ್ರೀಯವರೂ ಅಲ್ಲಿಯ ಎಂ.ಐ.ಟಿ. ವಿದ್ಯಾಸಂಸ್ಥೆಗೆ 2 ಕೋಟಿ ಡಾಲರ್ ಕೊಟ್ಟು ಒಂದು ಕೇಂದ್ರ ತೆರೆಸಿದರು. ಪ್ರಾಧ್ಯಾಪಕರು ಕಂಡುಹಿಡಿದದ್ದು ಪ್ರಯೋಗಶಾಲೆಯಲ್ಲೇ ಉಳಿಯದೆ ಜನರ ಕೈಗೆ ಬರಲೆಂದು ಆ ಕೇಂದ್ರ ಆರಂಭದ ಹಣ ಕೊಡುತ್ತದೆ. ತಾವು ಓದಿದ ನ್ಯೂ ಬ್ರನ್ಸ್‌ವಿಕ್‌ನಲ್ಲೂ ಅಂಥದೇ ಕೇಂದ್ರಕ್ಕೆ ನೆರವಾದರು. ಹುಟ್ಟೂರನ್ನೂ ಮರೆಯಲಿಲ್ಲ, ಹುಬ್ಬಳ್ಳಿಯ ಅವರ ಪ್ರತಿಷ್ಠಾನ ರೈತರ ಹೊಲಗಳಲ್ಲಿ ಕೃಷಿ ಹೊಂಡ ಮಾಡಿಸಿದೆ.

ಕೋಟಿ ನಮ್ಮಲ್ಲಿಲ್ಲ, ಖರೆ. ಆದರೆ ನಮ್ಮ ಸಂಘ 25 ವರ್ಷ ನಿಂತದ್ದು ಯಾತರಿಂದ? ಒಬ್ಬರು ತಿರುಗಿಸಿದ ಸಾಲ ಇನ್ನೊಬ್ಬರ ಬಿತ್ತನೆಗೆ ಆದದ್ದರಿಂದ. ಹಂಗೇ ಲಾಭದಲ್ಲಿ ತುಸು ತೆಗೆದು ಒಂದು ವಿದ್ಯಾನಿಧಿ ಮಾಡೋಣ. ಫೀ ಕಟ್ಟಲಾರದೆ ಕಾಲೇಜು ಬಿಡುವ ಮಕ್ಕಳು ಅದರಿಂದ ಓದಲಿ. ನೌಕರಿ ಹಿಡಿದ ಮ್ಯಾಲೆ ಎಲ್ಲೇ ಇರಲಿ, ಅಷ್ಟನ್ನು ಮುಂದಿನ ಮಗುವಿಗೆ ತಿರುಗಿಸಲಿ. ಇದನ್ನು ಬರುವ ವಾರ್ಷಿಕ ಸಭೆಯಲ್ಲೇ ಠರಾವು ಮಾಡಿರೆಂದು ಕೇಳಿಕೊಳ್ಳುತ್ತೇನೆ.